ಆಟದ ಮೇಜಿಗೊಂದು ಲೋಕ: ಕಲ್ಪನಾಲೋಕ ಕಟ್ಟುವ ಮತ್ತು ಚಿತ್ರಿಸುವ ಕಾರ್ಯಾಗಾರವನ್ನು ನಡೆಸುವ ಬಗೆ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದಲ್ಲಿ ನಾಲ್ಕಾರು ಮಂದಿ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಗೇಮ್ ಮಾಸ್ಟರ್ ಆಗಿ ಸನ್ನಿವೇಶವನ್ನು ವಿವರಿಸುತ್ತಾರೆ. ಉಳಿದವರು ತಲಾ ಒಂದು ಪಾತ್ರವನ್ನು ವಹಿಸಿಕೊಂಡು ತಮ್ಮ ಪಾತ್ರ ಈಗ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಫಲ ಏನಾದೀತೆಂಬುದು ನಿಶ್ಚಯವಿಲ್ಲದ ಕಡೆ ದಾಳ ಉರುಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಪ್ರಕಟವಾದಂದಿನಿಂದ ಈ ಪ್ರಕಾರ ಬೆಳೆಯುತ್ತಲೇ ಬಂದಿದೆ. ಪುಟ್ಟ ಬೊಂಬೆಗಳನ್ನು ಸಾಲುಗಟ್ಟಿ ನಿಲ್ಲಿಸಿ ಆಡುತ್ತಿದ್ದ ಯುದ್ಧದಾಟಗಳ ಒಡಲಿನಿಂದ ಅದು ಹುಟ್ಟಿದ್ದರಿಂದ ನಕ್ಷೆ, ಚೌಕುಳಿ ಹಾಳೆ, ಕೈಯಾರೆ ಬಿಡಿಸಿದ ಕೋಟೆ ಕೊತ್ತಲಗಳ ತಳವಿನ್ಯಾಸ ಇವೆಲ್ಲ ಮೊದಲಿನಿಂದಲೂ ಆಟದ ಅಂಗವೇ ಆಗಿದ್ದವು.

ಹಾಗಿದ್ದರೂ ಕಾರ್ಯಾಗಾರಗಳನ್ನು ಯೋಜಿಸುವವರು ಬಹುತೇಕ ಲೋಕ ಕಟ್ಟುವುದನ್ನು ಬರವಣಿಗೆಯ ಕೆಲಸವೆಂದೂ ಚಿತ್ರ ಬಿಡಿಸುವುದನ್ನು ಆಮೇಲಿನ ಅಲಂಕಾರವೆಂದೂ ಬೇರ್ಪಡಿಸುತ್ತಾರೆ. ಬೆಳಗಿನ ಹೊತ್ತು ರಾಜವಂಶಗಳ ಇತಿಹಾಸ ಬರೆಸಿ, ಮಧ್ಯಾಹ್ನ ಅದಕ್ಕೊಂದು ಚಿತ್ರ ಬಿಡಿಸಲು ಹೇಳುವ ಈ ಕ್ರಮ ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಬರೆಯುವಾಗ ‘ಭವ್ಯವಾದ ಬಾಗಿಲು’ ಎಂದಷ್ಟೇ ಬರೆದು ಮುಂದೆ ಹೋಗಬಹುದು. ಬಿಡಿಸುವಾಗ ಅದರ ಎತ್ತರ ಎಷ್ಟು, ಅಗುಳಿ ಒಳಗಿದೆಯೋ ಹೊರಗಿದೆಯೋ, ಒಬ್ಬ ಮನುಷ್ಯ ಒಬ್ಬನೇ ಅದನ್ನು ತಳ್ಳಲು ಸಾಧ್ಯವೋ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡದೆ ಗೆರೆ ಮುಂದುವರಿಯುವುದಿಲ್ಲ. ಆಟಗಾರರು ಮೇಜಿನ ಬಳಿ ಕೇಳುವುದೂ ಇವೇ ಪ್ರಶ್ನೆಗಳನ್ನು. ಆದ್ದರಿಂದ ಇಲ್ಲಿ ವಿವರಿಸಿರುವ ವಿಧಾನದಲ್ಲಿ ಪೆನ್ಸಿಲ್ ಮೊದಲು ಬರುತ್ತದೆ, ವಿವರಣೆ ಅದರ ಹಿಂದೆ ಬರುತ್ತದೆ.

ಕೊನೆಗೆ ಏನು ಉಳಿಯಬೇಕೆಂದು ಮೊದಲೇ ನಿರ್ಧರಿಸುವುದು

ಕಾರ್ಯಾಗಾರ ಮುಗಿದಾಗ ಪ್ರತಿ ಗುಂಪಿನ ಮೇಜಿನ ಮೇಲೆ ಏನೇನು ಇರಬೇಕು ಎಂಬುದನ್ನು ಆರಂಭಕ್ಕೆ ಮುಂಚೆಯೇ ಬರೆದಿಟ್ಟುಕೊಳ್ಳಿ. ಎರಡು ಪೂರ್ಣ ದಿನಗಳ ಕಾರ್ಯಾಗಾರವಾದರೆ ಒಂದು ಪ್ರದೇಶದ ನಕ್ಷೆ, ಆ ಪ್ರದೇಶದೊಳಗಿನ ಒಂದು ಸ್ಥಳದ ತಳವಿನ್ಯಾಸ, ಮೂರು ವ್ಯಕ್ತಿಗಳ ಚೀಟಿ, ಒಂದು ಜೀವಿಯ ಚಿತ್ರ ಮತ್ತು ದಾಳ ಉರುಳಿಸಿ ನೋಡುವ ಒಂದು ಪಟ್ಟಿ, ಇಷ್ಟು ಸಾಕು. ಇದಕ್ಕಿಂತ ಹೆಚ್ಚಿನದನ್ನು ಗುರಿಯಾಗಿಟ್ಟುಕೊಂಡರೆ ಎಲ್ಲವೂ ಅರ್ಧಕ್ಕೆ ನಿಲ್ಲುತ್ತದೆ. ಅರ್ಧ ದಿನ ಮಾತ್ರ ಇದ್ದರೆ ಪ್ರದೇಶದ ನಕ್ಷೆಯನ್ನು ಪೂರ್ತಿ ಕೈಬಿಟ್ಟು ಒಂದೇ ಸ್ಥಳವನ್ನೂ ಅಲ್ಲಿನ ಒಬ್ಬ ವ್ಯಕ್ತಿಯನ್ನೂ ತೆಗೆದುಕೊಳ್ಳಿ. ಖಂಡಗಳನ್ನೂ ದೇವತೆಗಳ ವಂಶಾವಳಿಯನ್ನೂ ಯಾವ ಕಾರಣಕ್ಕೂ ಮೊದಲು ಕೈಗೆತ್ತಿಕೊಳ್ಳಬೇಡಿ. ಆಟದ ಮೊದಲ ಕೆಲವು ಬೈಠಕ್‌ಗಳಲ್ಲಿ ಅವುಗಳ ಅಗತ್ಯ ಬೀಳುವುದು ತೀರಾ ಅಪರೂಪ.

ಒಂದು ಮೇಜಿಗೆ ನಾಲ್ಕು ಅಥವಾ ಐದು ಮಂದಿ ಇದ್ದರೆ ಎಲ್ಲರ ಕೈಯೂ ಹಾಳೆಯನ್ನು ಮುಟ್ಟುತ್ತದೆ. ಆರು ದಾಟಿದರೆ ಇಬ್ಬರು ನೋಡುವವರಾಗಿಯೇ ಉಳಿದುಬಿಡುತ್ತಾರೆ. ಸಾಮಗ್ರಿಗಳ ವಿಷಯದಲ್ಲಿ ದುಬಾರಿಯಾದದ್ದೇನೂ ಬೇಕಿಲ್ಲ, ಆದರೆ ಕೆಲವು ಆಯ್ಕೆಗಳನ್ನು ಸರಿಯಾಗಿ ಮಾಡಬೇಕು. ಗುಂಪಿನ ನಕ್ಷೆಗೆ 297 ಮಿ.ಮೀ. ಅಗಲ, 420 ಮಿ.ಮೀ. ಉದ್ದದ ಎ3 ಹಾಳೆ ಹಿತವಾದ ಅಳತೆ. ಸಾಮಾನ್ಯ ಮುದ್ರಣದ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಹಾಳೆ ಮತ್ತೆ ಮತ್ತೆ ಅಳಿಸಿದಾಗ ಸವೆದು ನಾರೇಳುವುದರಿಂದ ಅಂತಿಮ ಪ್ರತಿಗೆ 160 ಜಿಎಸ್‌ಎಂ ಅಥವಾ ಅದಕ್ಕಿಂತ ದಪ್ಪದ್ದನ್ನು ಇಡಿ. ತಳವಿನ್ಯಾಸಕ್ಕೆ 5 ಮಿ.ಮೀ. ಚೌಕಗಳ ಗ್ರಾಫ್ ಹಾಳೆ, ಕರಡಿಗೆ ಎಚ್‌ಬಿ ಪೆನ್ಸಿಲ್, ನೆರಳಿಗೆ 2ಬಿ, ಮಸಿಗೆ 0.1, 0.3 ಮತ್ತು 0.8 ಮಿ.ಮೀ. ಮೊನೆಯ ಪೆನ್ನುಗಳು ಇರಲಿ. ಪೆನ್ನು ಪಿಗ್ಮೆಂಟ್ ಮಸಿಯದ್ದೇ ಆಗಿರಬೇಕು. ಅದು ಒಣಗಿದ ಮೇಲೆ ಜಲವರ್ಣ ತಾಗಿದರೂ ಕದಡುವುದಿಲ್ಲ, ಡೈ ಮಸಿಯಾದರೆ ಗಂಟೆಗಟ್ಟಲೆ ಮಾಡಿದ ಕೆಲಸ ಒಂದು ಕುಂಚದ ಒದ್ದೆಗೆ ಹರಡಿಹೋಗುತ್ತದೆ. 4, 6, 8, 10, 12 ಮತ್ತು 20 ಮುಖಗಳ ದಾಳಗಳ ಕಟ್ಟು ಇದ್ದರೆ ಒಳ್ಳೆಯದು, ಆದರೆ ಈ ಕಾರ್ಯಾಗಾರಕ್ಕೆ ಮೇಜಿಗೆ ಎರಡರಂತೆ ಆರು ಮುಖದ ದಾಳಗಳಿದ್ದರೂ ಕೆಲಸ ನಡೆಯುತ್ತದೆ.

ಮೊದಲ ಹತ್ತು ನಿಮಿಷಗಳನ್ನು ಒಪ್ಪಂದಕ್ಕೆ ಮೀಸಲಿಡಿ. ಕಲ್ಪನಾಲೋಕದಲ್ಲಿ ಯುದ್ಧ, ಸಾವು, ಭಯ ಎಲ್ಲವೂ ಬರಬಹುದಾದ್ದರಿಂದ ಯಾವ ವಿಷಯ ಬೇಡವೇ ಬೇಡ, ಯಾವುದನ್ನು ತೆರೆಮರೆಯಲ್ಲಿ ಸೂಚಿಸಿದರೆ ಸಾಕು ಎಂಬುದನ್ನು ಗುಂಪು ಮೊದಲೇ ಮಾತನಾಡಿಕೊಳ್ಳಬೇಕು. ಜಾನ್ ಸ್ಟಾವ್ರೋಪೌಲೋಸ್ ಬಳಕೆಗೆ ತಂದ ‘ಎಕ್ಸ್ ಕಾರ್ಡ್’ ಇದಕ್ಕೆ ಸರಳವಾದ ಸಾಧನ: ಎಕ್ಸ್ ಗುರುತಿನ ಒಂದು ಚೀಟಿ ಮೇಜಿನ ನಡುವೆ ಇರುತ್ತದೆ, ಯಾರಾದರೂ ಅದನ್ನು ಮುಟ್ಟಿದರೆ ಆ ಕ್ಷಣದ ಅಂಶವನ್ನು ಬಿಟ್ಟು ಮುಂದೆ ಸಾಗಬೇಕು, ಕಾರಣ ಹೇಳುವ ಹೊಣೆ ಅವರ ಮೇಲೆ ಇರುವುದಿಲ್ಲ. ಮಕ್ಕಳಿರುವ ಗುಂಪಿನಲ್ಲಿ ಇದನ್ನು ಬಿಡಲೇಬಾರದು.

ಒಂದು ವಿಚಿತ್ರ ನಿಯಮ, ಅದರ ಪರಿಣಾಮಗಳು

ಲೋಕವನ್ನು ಪಟ್ಟಿಯಿಂದ ಆರಂಭಿಸುವ ಬದಲು ಒಂದೇ ಒಂದು ನಿಯಮದಿಂದ ಆರಂಭಿಸಿ. ನಮ್ಮ ಲೋಕದಲ್ಲಿ ಇರುವುದೆಲ್ಲ ಅಲ್ಲಿಯೂ ಇದೆ, ಆದರೆ ಒಂದು ವಿಷಯ ಮಾತ್ರ ಬೇರೆ. ಆ ಒಂದು ವಿಷಯವನ್ನು ಗುಂಪು ಸೇರಿ ಆರಿಸಬೇಕು, ಒಂದೇ ವಾಕ್ಯದಲ್ಲಿ ಹೇಳುವಂತಿರಬೇಕು, ಸಾಮಾನ್ಯ ಜನರ ದಿನಚರಿಯನ್ನು ಮುಟ್ಟುವಂತಿರಬೇಕು. ‘ಪುರಾತನ ಮಾಯಾಶಕ್ತಿಯೊಂದು ಎಚ್ಚೆತ್ತಿದೆ’ ಎಂಬುದು ಈ ಪರೀಕ್ಷೆಯಲ್ಲಿ ಸೋಲುತ್ತದೆ, ಏಕೆಂದರೆ ಅದರಿಂದ ನಾಳೆ ಬೆಳಿಗ್ಗೆ ನೀರು ತರಲು ಹೋಗುವವಳ ದಾರಿ ಬದಲಾಗುವುದಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಗುಂಪು ಆರಿಸಿದ ನಿಯಮ ಹೀಗಿದೆ ಎಂದಿಟ್ಟುಕೊಳ್ಳಿ: ಸೂರ್ಯ ಮುಳುಗಿದ ಮೇಲೆ ಈ ನಾಡಿನ ದೊಡ್ಡ ನದಿ ಹಿಮ್ಮುಖವಾಗಿ, ಸಮುದ್ರದಿಂದ ಬೆಟ್ಟದ ಕಡೆಗೆ ಹರಿಯುತ್ತದೆ. ಈ ನಿಯಮವನ್ನು ಹಲಗೆಯ ಮೇಲೆ ಬರೆದ ಕೂಡಲೇ ಚರ್ಚೆಗೆ ಬಿಡದೆ, ಪ್ರತಿಯೊಬ್ಬರಿಗೂ ಅಂಗೈಯಗಲದ ನಾಲ್ಕು ಚೌಕಗಳನ್ನು ಹಾಕಿಕೊಳ್ಳಲು ಹೇಳಿ, ಒಂದೊಂದಕ್ಕೆ ಮೂರು ನಿಮಿಷ ಕೊಟ್ಟು ಆ ನದಿಯ ದಂಡೆಯ ನಾಲ್ಕು ನೋಟಗಳನ್ನು ಬಿಡಿಸಲು ಹೇಳಿ. ರಬ್ಬರ್ ಕೊಡಬೇಡಿ, ಎಲ್ಲರಿಗೂ ಒಂದೇ ದಪ್ಪದ ಪೆನ್ನು ಕೊಡಿ.

ಒಬ್ಬರು ಹಿಟ್ಟಿನ ಗಿರಣಿಯ ನೀರುಚಕ್ರವನ್ನು ಬಿಡಿಸಲು ಹೊರಡುತ್ತಾರೆ, ಕೂಡಲೇ ಅವರ ಕೈ ತಡೆಯುತ್ತದೆ: ನೀರು ಎರಡೂ ಕಡೆಯಿಂದ ಬರುವುದಾದರೆ ಚಕ್ರದ ಹಲಗೆಗಳು ಯಾವ ಕಡೆಗೆ ಬಾಗಿರಬೇಕು? ಅವರು ಹಲಗೆಗಳನ್ನು ನೆಟ್ಟಗೆ ಎಳೆಯುತ್ತಾರೆ, ಪಕ್ಕದಲ್ಲಿ ಸಂಜೆ ಹಲ್ಲುಚಕ್ರವನ್ನು ಬದಲಿಸುವ ಒಂದು ಸನ್ನೆಕೋಲನ್ನು ಸೇರಿಸುತ್ತಾರೆ, ಅದನ್ನು ಎಳೆಯಲು ಒಬ್ಬ ಕೂಲಿಯಾಳನ್ನು ನಿಲ್ಲಿಸುತ್ತಾರೆ. ಈಗ ಆ ಲೋಕದಲ್ಲಿ ಒಂದು ಹೊಸ ವೃತ್ತಿ ಹುಟ್ಟಿತು, ಯಾರೂ ಅದನ್ನು ಬರೆದು ಯೋಚಿಸಿದ್ದಲ್ಲ. ಇನ್ನೊಬ್ಬರು ಮೂಲದ ಸರೋವರವನ್ನು ಬಿಡಿಸುತ್ತ ರಾತ್ರಿಯಿಡೀ ನೀರು ಮೇಲೇರುವುದನ್ನು ನೆನೆದು ಮನೆಗಳನ್ನು ಕಂಬಗಳ ಮೇಲೆ ಎತ್ತುತ್ತಾರೆ. ಮತ್ತೊಬ್ಬರಿಗೆ ನದೀಮುಖದ ನೆನಪಾಗುತ್ತದೆ. ರಾತ್ರಿ ಒಳನುಗ್ಗುವುದು ಉಪ್ಪುನೀರಾದ್ದರಿಂದ ದಂಡೆಯ ಹೊಲಗಳಲ್ಲಿ ಏನೂ ಬೆಳೆಯುವುದಿಲ್ಲ, ಆ ಉಪ್ಪು ಎಲ್ಲಿಯವರೆಗೆ ಏರುತ್ತದೋ ಅಲ್ಲೊಂದು ಗಡಿ ಇರಬೇಕು. ಆ ಗಡಿಯ ಮೇಲಿನವರಿಗೂ ಕೆಳಗಿನವರಿಗೂ ನಡುವಿನ ಜಗಳವೇ ಮುಂದೆ ಇಡೀ ಆಟದ ಬೆನ್ನೆಲುಬಾಗಬಲ್ಲದು. ಈ ಗುಂಪು ತನ್ನ ನದಿಗೆ ‘ಮರುಹೊಳೆ’ ಎಂದು ಹೆಸರಿಟ್ಟಿತೆಂದು ಭಾವಿಸಿ, ಉಳಿದ ಹಂತಗಳಿಗೂ ಇದನ್ನೇ ಬಳಸೋಣ.

ನಾಲ್ಕು ನೋಟಗಳೂ ಆದ ಮೇಲೆ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಯಾರೂ ತಮ್ಮ ಚಿತ್ರವನ್ನು ತಾವೇ ವಿವರಿಸದೆ ಪಕ್ಕದವರ ಚಿತ್ರದಲ್ಲಿ ಕಂಡದ್ದನ್ನು ಹೇಳಬೇಕೆಂದು ನಿಯಮ ಮಾಡಿ. ತಪ್ಪಾಗಿ ಓದಿಕೊಂಡದ್ದೂ ಕೆಲಸಕ್ಕೆ ಬರುತ್ತದೆ: ಬಿಡಿಸಿದವರು ಬೆಳಕಿನ ಗೋಪುರವೆಂದುಕೊಂಡದ್ದನ್ನು ನೋಡಿದವರು ಉಪ್ಪಿನ ಉಗ್ರಾಣವೆಂದು ಓದಿದರೆ, ಎರಡರಲ್ಲಿ ಹೆಚ್ಚು ಆಸಕ್ತಿ ಹುಟ್ಟಿಸುವುದನ್ನು ಗುಂಪು ಇಟ್ಟುಕೊಳ್ಳಲಿ.

ಪ್ರದೇಶದ ನಕ್ಷೆ

ನಕ್ಷೆಯನ್ನು ಎಲ್ಲರೂ ಒಂದೇ ಹಾಳೆಯ ಮೇಲೆ ಸರದಿಯಂತೆ ಬಿಡಿಸುವುದು ಉತ್ತಮ. ಏವರಿ ಆಲ್ಡರ್ ಅವರ 2013ರ ‘ದಿ ಕ್ವಾಯೆಟ್ ಇಯರ್’ ಆಟದಲ್ಲಿ ಒಂದು ವರ್ಷದ ವಾರಗಳಿಗೆ ತಕ್ಕಂತೆ 52 ಇಸ್ಪೀಟು ಎಲೆಗಳಿದ್ದು, ಆಟಗಾರರು ಒಂದೊಂದು ಎಲೆ ತೆಗೆದು, ಬಂದ ಪ್ರಶ್ನೆಗೆ ಉತ್ತರವನ್ನು ನಕ್ಷೆಯ ಮೇಲೆಯೇ ಗುರುತಿಸುತ್ತ ಒಂದು ಸಮುದಾಯದ ಕಥೆಯನ್ನು ಕಟ್ಟುತ್ತಾರೆ. ಸರದಿಯ ಶಿಸ್ತು ಎಷ್ಟು ಫಲ ಕೊಡುತ್ತದೆ ಎಂಬುದಕ್ಕೆ ಅದು ಒಳ್ಳೆಯ ನಿದರ್ಶನ. ಕಾರ್ಯಾಗಾರದಲ್ಲಿ ಇದಕ್ಕಿಂತ ಸರಳವಾದ ನಿಯಮ ಸಾಕು: ಸರದಿ ಬಂದವರು ಒಂದು ವಿಷಯವನ್ನು ಮಾತ್ರ ಬಿಡಿಸಬೇಕು, ಇನ್ನೊಬ್ಬರ ಗೆರೆಯನ್ನು ಅವರನ್ನು ಕೇಳದೆ ಬದಲಿಸಬಾರದು, ಉಳಿದವರು ಪ್ರಶ್ನೆ ಕೇಳಬಹುದೇ ಹೊರತು ಸಲಹೆ ಕೊಡಬಾರದು. ಮಾತಿನಲ್ಲಿ ಮುಂದಿರುವವರು ಇಡೀ ಲೋಕವನ್ನು ತಮ್ಮದಾಗಿಸಿಕೊಳ್ಳುವುದನ್ನು ಈ ಕೊನೆಯ ನಿಯಮ ತಡೆಯುತ್ತದೆ.

ಮೊದಲು ಎತ್ತರಗಳನ್ನು ಗುರುತಿಸಬೇಕು, ಆಮೇಲೆ ನೀರನ್ನು, ಅದರ ನಂತರ ಊರುಗಳನ್ನು, ಕೊನೆಗೆ ದಾರಿಗಳನ್ನು. ಹೊಸಬರು ಬಿಡಿಸುವ ನಕ್ಷೆಗಳಲ್ಲಿ ನದಿಗಳೇ ಹೆಚ್ಚಾಗಿ ದಾರಿ ತಪ್ಪುತ್ತವೆ. ನದಿ ತಗ್ಗಿನ ಕಡೆಗೆ ಹರಿಯುತ್ತದೆ. ಕೆಳಗೆ ಹೋದಂತೆ ಉಪನದಿಗಳು ಬಂದು ಸೇರುತ್ತವೆಯೇ ಹೊರತು ಒಂದು ನದಿ ಸುಮ್ಮನೆ ಎರಡಾಗಿ ಕವಲೊಡೆದು ಬೇರೆ ಬೇರೆ ಸಮುದ್ರಗಳಿಗೆ ಹೋಗುವುದಿಲ್ಲ. ಕವಲೊಡೆಯುವುದು ಸಾಮಾನ್ಯವಾಗಿ ಮುಖಜ ಭೂಮಿಯಲ್ಲಿ, ಸಮುದ್ರದ ಹತ್ತಿರ. ಸರೋವರಕ್ಕೆ ಅನೇಕ ಹೊಳೆಗಳು ಬಂದು ಸೇರಬಹುದು, ಆದರೆ ಹೊರಹರಿವು ಸಾಧಾರಣವಾಗಿ ಒಂದೇ. ಸಮುದ್ರದ ಕಡೆಯಿಂದ ಬರುವ ಗಾಳಿ ಬೆಟ್ಟವನ್ನು ಏರುತ್ತ ತಂಪಾಗಿ ಮಳೆ ಸುರಿಸುವುದರಿಂದ ಆ ಬದಿಯಲ್ಲಿ ಕಾಡು, ಆಚೆಯ ಬದಿಯಲ್ಲಿ ಒಣನೆಲ ಬರುತ್ತದೆ. ಇಷ್ಟನ್ನು ಪಾಲಿಸಿದರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ನಕ್ಷೆಯ ಮೇಲೆ ನಂಬಿಕೆ ಹುಟ್ಟುತ್ತದೆ. ಮರುಹೊಳೆಯಂತಹ ಅಪವಾದ ಎದ್ದು ಕಾಣಬೇಕಾದರೂ ಅದರ ಸುತ್ತಲಿನದೆಲ್ಲ ನಿಯಮಬದ್ಧವಾಗಿರಬೇಕು. ಎಲ್ಲ ನದಿಗಳೂ ಅಡ್ಡಾದಿಡ್ಡಿಯಾಗಿ ಹರಿಯುವ ನಕ್ಷೆಯಲ್ಲಿ ಒಂದು ನದಿ ಹಿಂದಕ್ಕೆ ಹರಿದರೆ ಅದನ್ನು ಯಾರೂ ಗಮನಿಸುವುದಿಲ್ಲ.

ಅಳತೆಯನ್ನು ಪ್ರಯಾಣದಿಂದ ನಿರ್ಧರಿಸಿ. ನಕ್ಷೆಯ ಮೇಲೆ ಷಟ್ಕೋನಗಳ ಜಾಲವನ್ನು ಹಾಕಿ ಒಂದು ಷಟ್ಕೋನಕ್ಕೆ 10 ಕಿ.ಮೀ. ಎಂದು ಇಟ್ಟುಕೊಂಡರೆ ಲೆಕ್ಕ ಬಹಳ ಸುಲಭವಾಗುತ್ತದೆ. ಬಯಲಿನಲ್ಲಿ ನಿಂತ ಸಾಮಾನ್ಯ ಎತ್ತರದ ಮನುಷ್ಯನಿಗೆ ದಿಗಂತ ಸುಮಾರು 5 ಕಿ.ಮೀ. ದೂರದಲ್ಲಿರುವುದರಿಂದ, ಷಟ್ಕೋನದ ನಡುವೆ ನಿಂತವನಿಗೆ ಅದರ ಅಂಚಿನವರೆಗೆ ಕಾಣುತ್ತದೆ, ಪಕ್ಕದ ಷಟ್ಕೋನದಲ್ಲಿ ಏನಿದೆ ಎಂಬುದು ಅಲ್ಲಿಗೆ ಹೋಗುವವರೆಗೆ ತಿಳಿಯುವುದಿಲ್ಲ. ಒಳ್ಳೆಯ ದಾರಿಯಲ್ಲಿ ದಿನಕ್ಕೆ ಮೂರು ಷಟ್ಕೋನ, ಗುಡ್ಡಗಾಡಿನಲ್ಲಿ ಅದರ ಅರ್ಧ ಎಂದು ಹೇಳಿದರೆ ಗೇಮ್ ಮಾಸ್ಟರ್ ಲೆಕ್ಕಯಂತ್ರವನ್ನು ಮುಟ್ಟಬೇಕಿಲ್ಲ. ಎ3 ಹಾಳೆಯಲ್ಲಿ ಒಂದು ವಾರದ ನಡಿಗೆಗಿಂತ ಹೆಚ್ಚು ವಿಸ್ತಾರವನ್ನು ತುಂಬಲು ಹೋಗಬೇಡಿ.

ಮಸಿ ಹಾಕುವ ಕ್ರಮದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಹೆಸರುಗಳನ್ನು ಕೊನೆಗೆ ಬರೆಯುವ ಅಭ್ಯಾಸವನ್ನು ಬಿಡಿಸಿ, ಮೊದಲೇ ಪೆನ್ಸಿಲ್‌ನಿಂದ ಜಾಗ ಗುರುತಿಸಿ ಅಕ್ಷರಗಳಿಗೆ ಮೊದಲು ಮಸಿ ಹಾಕಿಸಿ. ಆಗ ಬೆಟ್ಟದ ನೆರಳುಗೆರೆಗಳೂ ಕಾಡಿನ ಮರಗಳೂ ಅಕ್ಷರದ ಬಳಿ ತಾವಾಗಿಯೇ ನಿಲ್ಲುತ್ತವೆ, ಹೆಸರು ಗೆರೆಗಳ ನಡುವೆ ಹುದುಗಿಹೋಗುವುದಿಲ್ಲ. ಕನ್ನಡದ ಒತ್ತಕ್ಷರಗಳಿಗೂ ಕೊಂಬುಗಳಿಗೂ ಸಾಲಿನ ಕೆಳಗೆ ಮತ್ತು ಪಕ್ಕದಲ್ಲಿ ಜಾಗ ಬೇಕಾಗುವುದರಿಂದ ಈ ಮುನ್ನೆಚ್ಚರಿಕೆ ನಮಗೆ ಇನ್ನಷ್ಟು ಮುಖ್ಯ. ನದಿಯ ಹೆಸರನ್ನು ಅದರ ಬಾಗಿನ ಗುಂಟ ಬರೆಯಬೇಕು, ಬೆಟ್ಟಸಾಲಿನ ಹೆಸರನ್ನು ಅಕ್ಷರಗಳ ನಡುವೆ ಅಂತರ ಬಿಟ್ಟು ಸಾಲಿನುದ್ದಕ್ಕೂ ಹರಡಬೇಕು. 0.8ರ ಪೆನ್ನು ಕರಾವಳಿಗೆ ಮತ್ತು ಮುಖ್ಯ ನದಿಗೆ, 0.3 ಬೆಟ್ಟ ಮತ್ತು ಊರುಗಳಿಗೆ, 0.1 ನೆರಳುಗೆರೆಗಳಿಗೆ ಎಂದು ಹಂಚಿದರೆ ಚಿತ್ರಕಲೆಯ ಅಭ್ಯಾಸವಿಲ್ಲದವರ ನಕ್ಷೆಯೂ ಸ್ಪಷ್ಟವಾಗಿ ಓದಿಸಿಕೊಳ್ಳುತ್ತದೆ. ಬೆಳಕು ಎಡಗಡೆಯ ಮೇಲಿನಿಂದ ಬರುತ್ತದೆ ಎಂದು ಒಮ್ಮೆ ತೀರ್ಮಾನಿಸಿ ಎಲ್ಲ ಬೆಟ್ಟಗಳ ಬಲಬದಿಗೆ ಮಾತ್ರ ನೆರಳು ಹಾಕಬೇಕು. ಐದು ಕೈಗಳು ಬಿಡಿಸಿದ ಹಾಳೆಯನ್ನು ಒಂದೇ ಕೈಯ ಕೆಲಸದಂತೆ ಕಾಣಿಸುವುದು ಈ ಒಂದು ತೀರ್ಮಾನ.

ನಕ್ಷೆಯ ಮೂರನೆಯ ಒಂದು ಭಾಗವನ್ನಾದರೂ ಖಾಲಿ ಬಿಡಬೇಕು. ಆಟಗಾರರು ತಮ್ಮ ಹುಟ್ಟೂರನ್ನು ಗುರುತಿಸಲು, ಗೇಮ್ ಮಾಸ್ಟರ್ ಮುಂದಿನ ತಿಂಗಳು ಹೊಳೆದ ಕಣಿವೆಯನ್ನು ಸೇರಿಸಲು ಆ ಜಾಗ ಬೇಕಾಗುತ್ತದೆ.

ಸ್ಥಳದ ತಳವಿನ್ಯಾಸ

ಪ್ರದೇಶದ ನಕ್ಷೆ ಎಲ್ಲಿಗೆ ಹೋಗಬೇಕೆಂಬ ಆಯ್ಕೆಯನ್ನು ಕೊಡುತ್ತದೆ. ತಳವಿನ್ಯಾಸ ಹೇಗೆ ಹೋಗಬೇಕೆಂಬ ಆಯ್ಕೆಯನ್ನು ಕೊಡಬೇಕು. ಒಂದು ಚೌಕ 5 ಅಡಿ, ಅಂದರೆ ಸುಮಾರು ಒಂದೂವರೆ ಮೀಟರ್ ಎಂಬುದು ಇಂದಿನ ಬಹಳಷ್ಟು ಆಟಗಳ ರೂಢಿ. ಬೊಂಬೆಗಳನ್ನು ಇಟ್ಟು ಆಡುವುದಾದರೆ ಒಂದು ಅಂಗುಲದ ಚೌಕಗಳಿರುವ ದೊಡ್ಡ ಹಾಳೆ ಬೇಕು, ಏಕೆಂದರೆ ಸಾಮಾನ್ಯವಾಗಿ ದೊರೆಯುವ ಬೊಂಬೆಗಳು 28 ಮಿ.ಮೀ. ಪ್ರಮಾಣದವು.

ಹೊಸಬರು ಬಿಡಿಸುವ ವಿನ್ಯಾಸ ಬಹುತೇಕ ಒಂದು ಸರಪಳಿಯಾಗಿರುತ್ತದೆ: ಒಂದು ಕೋಣೆ, ಬಾಗಿಲು, ಇನ್ನೊಂದು ಕೋಣೆ, ಕೊನೆಯಲ್ಲಿ ನಿಧಿ. ಅಲ್ಲಿ ಆಟಗಾರರಿಗೆ ಮುಂದೆ ಹೋಗುವುದು ಬಿಟ್ಟು ಬೇರೆ ಕೆಲಸವೇ ಇರುವುದಿಲ್ಲ. ಆಟವಿನ್ಯಾಸಕಿಯೂ ಚಿತ್ರಕಾರ್ತಿಯೂ ಆಗಿದ್ದ ಜೆನೆಲ್ ಜಾಕ್ವೇಸ್ ಅವರು 1970ರ ದಶಕದಲ್ಲಿ ರಚಿಸಿದ ವಿನ್ಯಾಸಗಳು ಇಂದಿಗೂ ಮಾದರಿಯೆನಿಸಿರುವುದಕ್ಕೆ ಕಾರಣ, ಅವುಗಳಲ್ಲಿ ಒಳಹೋಗಲು ಅನೇಕ ದ್ವಾರಗಳು, ಸುತ್ತಿ ಬಂದು ಸೇರುವ ಹಾದಿಗಳು, ಮೇಲಿನ ಮತ್ತು ಕೆಳಗಿನ ಅಂತಸ್ತುಗಳ ನಡುವೆ ಒಂದಕ್ಕಿಂತ ಹೆಚ್ಚು ಸಂಪರ್ಕಗಳು ಇರುವುದು. ಕಾರ್ಯಾಗಾರದಲ್ಲಿ ಇದನ್ನು ಅಭ್ಯಾಸ ಮಾಡಿಸಲು ಮೊದಲು ಚೌಕಗಳನ್ನು ಮುಟ್ಟದೆ, ಏಳೆಂಟು ಸೊನ್ನೆಗಳನ್ನು ಬರೆದು ಗೆರೆಗಳಿಂದ ಜೋಡಿಸಿ ಕನಿಷ್ಠ ಎರಡು ಸುತ್ತುಹಾದಿಗಳು ಬರುವಂತೆ ನೋಡಿಕೊಳ್ಳಲು ಹೇಳಿ. ಆ ಜೋಡಣೆ ಸರಿಯಾದ ಮೇಲೆ ಮಾತ್ರ ಸೊನ್ನೆಗಳನ್ನು ಕೋಣೆಗಳಾಗಿ ಗ್ರಾಫ್ ಹಾಳೆಗೆ ಇಳಿಸಲಿ.

ಮರುಹೊಳೆಯ ಗುಂಪು ಉಪ್ಪಿನ ಗಡಿಯ ಹಳೆಯ ಒಡ್ಡಿನೊಳಗಿನ ಸುರಂಗಗಳನ್ನು ಆರಿಸಿಕೊಂಡರೆ ನಿಯಮವೇ ವಿನ್ಯಾಸವನ್ನು ಹೇಳಿಕೊಡುತ್ತದೆ. ಹಗಲು ಒಣಗಿರುವ ಕಾಲುವೆ ರಾತ್ರಿ ತುಂಬುತ್ತದೆ, ಆದ್ದರಿಂದ ಸಂಜೆಗೆ ಮುಂಚೆ ಒಳಹೊಕ್ಕವರು ಬಂದ ದಾರಿಯಲ್ಲಿ ಹೊರಬರಲಾಗುವುದಿಲ್ಲ. ತಳವಿನ್ಯಾಸದಲ್ಲಿ ಹಗಲಿನ ನೀರಿನ ಅಂಚನ್ನು ತುಂಬುಗೆರೆಯಿಂದಲೂ ರಾತ್ರಿಯ ಅಂಚನ್ನು ಚುಕ್ಕಿಗೆರೆಯಿಂದಲೂ ತೋರಿಸಿದರೆ ಒಂದೇ ಹಾಳೆ ಎರಡು ಸ್ಥಳಗಳ ಕೆಲಸ ಮಾಡುತ್ತದೆ. ಗೋಡೆಯ ಹೊರಬದಿಗೆ ಮಾತ್ರ ಚಿಕ್ಕ ಅಡ್ಡಗೆರೆಗಳ ಗುಚ್ಛಗಳನ್ನು ಹಾಕಿ ನೆಲವನ್ನು ಬಿಳಿಯಾಗಿ ಬಿಟ್ಟರೆ ಎಲ್ಲಿ ನಡೆಯಬಹುದು ಎಂಬುದು ತಕ್ಷಣ ಕಾಣುತ್ತದೆ. ನೆಲದ ಮೇಲೆ ಹೆಂಚುಗಳನ್ನೂ ಬಿರುಕುಗಳನ್ನೂ ತುಂಬುವ ಆಸೆಯನ್ನು ತಡೆಯಿರಿ; ಬೊಂಬೆ ನಿಲ್ಲುವ ಜಾಗದಲ್ಲಿ ಗೆರೆಗಳು ಹೆಚ್ಚಾದಷ್ಟೂ ಓದುವುದು ಕಷ್ಟವಾಗುತ್ತದೆ.

ಜೀವಿ ಮತ್ತು ವ್ಯಕ್ತಿಗಳು

ಜೀವಿಯ ಚಿತ್ರವನ್ನು ಕಣ್ಣು, ಹಲ್ಲುಗಳಿಂದ ಆರಂಭಿಸಬಾರದು. ದಪ್ಪ ಪೆನ್ನಿನಿಂದ ಪೂರ್ತಿ ಕಪ್ಪು ತುಂಬಿದ ಆರು ಆಕಾರಗಳನ್ನು, ಒಂದೊಂದನ್ನು ಹೆಬ್ಬೆರಳಿನಷ್ಟು ಗಾತ್ರದಲ್ಲಿ ಬಿಡಿಸಿ, ಮೇಜಿನ ಆಚೆ ಬದಿಯಿಂದ ನೋಡಿದರೂ ಬೇರೆಯಾಗಿ ಗುರುತಾಗುವ ಒಂದನ್ನು ಆರಿಸಬೇಕು. ಆಮೇಲೆ ಪಕ್ಕದಲ್ಲಿ ಮನುಷ್ಯನೊಬ್ಬನನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಗಾತ್ರ ಯಾರಿಗೂ ತಿಳಿಯುವುದಿಲ್ಲ.

ಕಾಲ್ಪನಿಕ ಜೀವಿಗೂ ನಿಜವಾದ ಎಲುಬುಗಳು ಬೇಕು. ಕುದುರೆಯ ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿರುವ ಕೀಲು ಮೊಣಕಾಲೆಂದು ಹಲವರು ತಿಳಿಯುತ್ತಾರೆ; ಅದು ನಮ್ಮ ಹಿಮ್ಮಡಿಯ ಗಂಟಿಗೆ ಸಮನಾದದ್ದು, ಮೊಣಕಾಲು ಮೇಲೆ ಹೊಟ್ಟೆಯ ಹತ್ತಿರ ಇದೆ. ಹಕ್ಕಿಯ ರೆಕ್ಕೆ ಅದರ ಮುಂಗಾಲೇ ಆದ್ದರಿಂದ, ನಾಲ್ಕು ಕಾಲುಗಳ ಜೊತೆಗೆ ರೆಕ್ಕೆಯೂ ಇರುವ ಡ್ರ್ಯಾಗನ್‌ಗೆ ಒಟ್ಟು ಆರು ಅಂಗಗಳಾಗುತ್ತವೆ, ಹಾಗಾಗಿ ರೆಕ್ಕೆಗಳಿಗೆ ಬೇರೆಯೇ ಹೆಗಲಮೂಳೆ ಮತ್ತು ಎದೆಯ ಸ್ನಾಯುಗಳನ್ನು ತೋರಿಸಬೇಕಾಗುತ್ತದೆ. ಇಂಥ ಪ್ರಶ್ನೆಗಳು ಚಿತ್ರವನ್ನು ಗಟ್ಟಿಗೊಳಿಸುವುದಷ್ಟೇ ಅಲ್ಲ, ಆಟಕ್ಕೂ ಬೇಕಾದದ್ದನ್ನು ಕೊಡುತ್ತವೆ. ಅನೇಕ ಮೀನುಗಳು ಹರಿವಿಗೆ ಎದುರಾಗಿ ಮುಖಮಾಡಿ ನಿಲ್ಲುತ್ತವೆ. ಮರುಹೊಳೆಯ ದೊಡ್ಡ ಜಲಜೀವಿಯೂ ಹಾಗೆಯೇ ಇದ್ದರೆ, ಹರಿವು ತಿರುಗುವ ಸಂಜೆಯ ಆ ಕೆಲವು ನಿಮಿಷಗಳಲ್ಲಿ ಅದು ಕಕ್ಕಾಬಿಕ್ಕಿಯಾಗಿ ಮೇಲೆ ಬರುತ್ತದೆ. ಅದರ ದುರ್ಬಲ ಗಳಿಗೆಯನ್ನು ಗಮನಿಸಿ ಕಂಡುಕೊಂಡ ಆಟಗಾರರಿಗೆ, ದಾಳದ ಅದೃಷ್ಟದಿಂದ ಗೆದ್ದವರಿಗಿಂತ ಹೆಚ್ಚಿನ ಸಂತೋಷ ಸಿಗುತ್ತದೆ.

ವ್ಯಕ್ತಿಗಳಿಗೆ ಪೂರ್ಣ ಹಾಳೆ ಬೇಡ, ಚೀಟಿ ಸಾಕು. ಮುಂಬದಿಯಲ್ಲಿ ಮುಖ ಮತ್ತು ಕೈಯಲ್ಲಿ ಹಿಡಿದ ಒಂದು ವಸ್ತು, ಹಿಂಬದಿಯಲ್ಲಿ ಆ ವ್ಯಕ್ತಿಗೆ ಬೇಕಾದದ್ದು ಏನು, ಮುಚ್ಚಿಡುತ್ತಿರುವುದು ಏನು ಎಂಬ ಎರಡು ವಾಕ್ಯಗಳು. ವಯಸ್ಕರ ದೇಹ ಸಾಮಾನ್ಯವಾಗಿ ಏಳರಿಂದ ಎಂಟು ತಲೆಗಳಷ್ಟು ಎತ್ತರ ಎಂಬ ಅಳತೆಯನ್ನೂ, ಅಂಗೈ ಮತ್ತು ಬೆರಳುಗಳ ಒಟ್ಟು ಉದ್ದ ಗಲ್ಲದಿಂದ ಹಣೆಯವರೆಗಿನ ಉದ್ದದಷ್ಟು ಎಂಬುದನ್ನೂ ಹೇಳಿಕೊಟ್ಟರೆ ಆರಂಭದ ಭಯ ಹೋಗುತ್ತದೆ. ದೋಣಿ ನಡೆಸುವವಳ ಕೈಯಲ್ಲಿ ಹುಟ್ಟಿನ ಬದಲು ನೀರಿನ ಉಪ್ಪನ್ನು ನೋಡುವ ಚಿಕ್ಕ ಸೌಟು ಇದ್ದರೆ ಅವಳ ಬದುಕಿನ ಬಗ್ಗೆ ಒಂದು ಪುಟ ಬರೆಯಬೇಕಾಗಿಲ್ಲ.

ಜನಸಮುದಾಯಗಳನ್ನು ಕಲ್ಪಿಸುವಾಗ ನಿಜಲೋಕದ ಒಂದು ಜನಾಂಗದ ಉಡುಗೆ, ಆಚರಣೆಗಳನ್ನು ಎತ್ತಿ ಖಳರ ಮೇಲೆ ಹೊರಿಸುವುದನ್ನೂ, ಇಡೀ ಒಂದು ಕುಲವನ್ನು ಹುಟ್ಟಿನಿಂದಲೇ ದುಷ್ಟವೆಂದು ಚಿತ್ರಿಸುವುದನ್ನೂ ನಡೆಸುವವರು ಅಲ್ಲಿಯೇ ತಡೆಯಬೇಕು. ಅದು ಯಾರನ್ನಾದರೂ ನೋಯಿಸುತ್ತದೆ. ಜೊತೆಗೆ ಸಂಧಾನ, ಮೋಸ, ಸ್ನೇಹ ಎಂಬ ದಾರಿಗಳನ್ನೆಲ್ಲ ಆಟಗಾರರಿಗೆ ಮುಚ್ಚಿಬಿಡುತ್ತದೆ.

ದಾಳದ ಪಟ್ಟಿ

ದಾರಿಯಲ್ಲಿ ಆಟಗಾರರಿಗೆ ಏನು ಎದುರಾಗುತ್ತದೆ ಎಂಬುದನ್ನು ದಾಳದ ಮೊತ್ತ ನೋಡಿ ತಿಳಿಯುವ ಪಟ್ಟಿ ಇದು. ಎರಡು ಆರುಮುಖದ ದಾಳಗಳನ್ನು ಕೂಡಿಸಿದಾಗ ಒಟ್ಟು 36 ಸಾಧ್ಯತೆಗಳಿದ್ದು, 7 ಬರುವುದು ಆರು ಬಗೆಯಲ್ಲಿ, 2 ಮತ್ತು 12 ಬರುವುದು ಒಂದೊಂದೇ ಬಗೆಯಲ್ಲಿ. ಹೀಗಾಗಿ 6, 7, 8ರ ಮುಂದೆ ಬರೆದ ಸಂಗತಿಗಳು 36ರಲ್ಲಿ 16 ಸಲ ಎದುರಾಗುವ ನಿರೀಕ್ಷೆ ಇರುತ್ತದೆ. ದಿನನಿತ್ಯದ ಸಂಗತಿಗಳನ್ನು, ಅಂದರೆ ಉಪ್ಪಿನ ದೋಣಿಗಳು, ಸುಂಕದವರು, ದಂಡೆ ದುರಸ್ತಿ ಮಾಡುತ್ತಿರುವ ಕೂಲಿಗಳನ್ನು ನಡುವೆ ಇಟ್ಟು, ಆ ದೊಡ್ಡ ಜಲಜೀವಿಯನ್ನು 12ಕ್ಕೆ ಇಡಿ. ಪ್ರತಿ ಸಾಲಿನಲ್ಲಿಯೂ ಯಾರು ಎಂಬುದರ ಜೊತೆಗೆ ಅವರು ಆ ಕ್ಷಣ ಏನು ಮಾಡುತ್ತಿದ್ದಾರೆ ಎಂಬುದೂ ಇರಬೇಕು.

ಮೇಜನ್ನು ನಡೆಸುವುದು

‘ನನಗೆ ಚಿತ್ರ ಬರುವುದಿಲ್ಲ’ ಎನ್ನುವವರು ಪ್ರತಿ ಗುಂಪಿನಲ್ಲಿಯೂ ಇರುತ್ತಾರೆ. ಅವರಿಗೆ ಸಮಾಧಾನದ ಮಾತಿಗಿಂತ ಸಂಕೇತಗಳ ಒಂದು ಹಾಳೆ ಹೆಚ್ಚು ಸಹಾಯ ಮಾಡುತ್ತದೆ: ಬೆಟ್ಟ, ಮರ, ಮನೆ, ಸೇತುವೆ, ಬಾಗಿಲು, ಮೆಟ್ಟಿಲು, ಇವನ್ನು ಮೂರು ನಾಲ್ಕು ಗೆರೆಗಳಲ್ಲಿ ಬಿಡಿಸುವ ಬಗೆಯನ್ನು ತೋರಿಸಿ, ಹತ್ತು ಸಲ ಅಭ್ಯಾಸ ಮಾಡಿಸಿ. ನುರಿತ ಕಲಾವಿದರು ಬೇರೆ ಬಗೆಯ ತೊಡಕನ್ನು ತರುತ್ತಾರೆ. ಅವರು ಒಂದೇ ಗೋಪುರದ ಮೇಲೆ ಗಂಟೆ ಕಳೆಯುತ್ತಾರೆ, ಅದನ್ನು ಕಂಡು ಉಳಿದವರು ಪೆನ್ಸಿಲ್ ಕೆಳಗಿಡುತ್ತಾರೆ. ಅವರಿಗೆ ಜೀವಿಯ ಅಂತಿಮ ಚಿತ್ರದಂತಹ ಪ್ರತ್ಯೇಕ ಹೊಣೆ ಕೊಟ್ಟು, ಸಾಮೂಹಿಕ ನಕ್ಷೆಯಲ್ಲಿ ಎಲ್ಲರಿಗೂ ಇರುವ ಸಮಯದ ಮಿತಿಯನ್ನೇ ಅವರಿಗೂ ಅನ್ವಯಿಸಿ.

ಮೇಜಿನಿಂದ ಮೇಜಿಗೆ ಹೋಗುವಾಗ ‘ಚೆನ್ನಾಗಿದೆ’ ಎಂದು ಹೇಳಿ ಮುಂದೆ ಸಾಗಬೇಡಿ. ಒಂದು ಜಾಗದ ಮೇಲೆ ಬೆರಳಿಟ್ಟು, ‘ಇಲ್ಲಿಗೆ ಬಂದ ಆಟಗಾರರು ಏನು ಮಾಡಬಹುದು?’ ಎಂದು ಕೇಳಿ. ಉತ್ತರ ‘ನೋಡಬಹುದು’ ಎಂದಷ್ಟೇ ಆದರೆ ಅಲ್ಲಿ ಇನ್ನೂ ಏನೋ ಬಿಡಿಸುವುದು ಬಾಕಿ ಇದೆ: ಮುರಿದ ಸೇತುವೆ, ಬೀಗ, ಕಾವಲುಗಾರ, ಎರಡನೆಯ ದಾರಿ.

ಹಾಳೆಗಳನ್ನು ಬದಲಿಸಿ ಆಡುವುದು

ಕೊನೆಯ ಎರಡು ಗಂಟೆಗಳನ್ನು ಆಟಕ್ಕೆ ಕಾಯ್ದಿರಿಸಿ, ಯಾವ ಕಾರಣಕ್ಕೂ ಅದನ್ನು ಚಿತ್ರ ಮುಗಿಸಲು ಬಿಟ್ಟುಕೊಡಬೇಡಿ. ಈ ಆಟದಲ್ಲಿ ಪ್ರತಿ ಗುಂಪು ತನ್ನ ಹಾಳೆಗಳನ್ನು ಪಕ್ಕದ ಗುಂಪಿಗೆ ಕೊಡಬೇಕು. ಪಡೆದವರು ಹದಿನೈದು ನಿಮಿಷ ಓದಿಕೊಂಡು, ರಚಿಸಿದವರನ್ನು ಏನನ್ನೂ ಕೇಳದೆ, ಆ ಲೋಕದಲ್ಲಿ ಆಡಬೇಕು. ನಿಯಮಗಳು ಚಿಕ್ಕದಾಗಿರಲಿ: ಎರಡು ದಾಳಗಳ ಮೊತ್ತ 10 ಅಥವಾ ಹೆಚ್ಚಾದರೆ ಯಶಸ್ಸು, 7ರಿಂದ 9 ಆದರೆ ಏನಾದರೂ ಬೆಲೆ ತೆತ್ತು ಯಶಸ್ಸು, 6 ಅಥವಾ ಕಡಿಮೆಯಾದರೆ ತೊಂದರೆ. ಪಾತ್ರಕ್ಕೆ ಚೆನ್ನಾಗಿ ಬರುವ ಕೆಲಸವಾದರೆ ಒಂದನ್ನು ಕೂಡಿಸಿಕೊಳ್ಳಬಹುದು. ಕೂಡಿಸದೆ ಉರುಳಿಸಿದಾಗ ಪೂರ್ಣ ಯಶಸ್ಸಿನ ಸಾಧ್ಯತೆ 36ರಲ್ಲಿ 6 ಮಾತ್ರವಿದ್ದು ಉಳಿದ ಎರಡಕ್ಕೂ ತಲಾ 15 ಇರುವುದರಿಂದ ಕಥೆಗೆ ತಿರುವುಗಳ ಕೊರತೆಯಾಗುವುದಿಲ್ಲ.

ರಚಿಸಿದವರು ಪಕ್ಕದಲ್ಲಿ ಕುಳಿತು ಮಾತಾಡದೆ ಟಿಪ್ಪಣಿ ಮಾಡಿಕೊಳ್ಳಲಿ. ಆಡುವವರು ಯಾವ ಮಾಹಿತಿಗಾಗಿ ಹಾಳೆಗಳನ್ನು ಮಗುಚಿ ಹುಡುಕಿದರು, ಯಾವ ಸಂಕೇತವನ್ನು ಬೇರೆಯಾಗಿ ಓದಿದರು, ಯಾವ ಊರಿನ ಕಡೆಗೆ ತಿರುಗಿಯೂ ನೋಡಲಿಲ್ಲ ಎಂಬುದೇ ಅವರಿಗೆ ಸಿಗುವ ನಿಜವಾದ ವಿಮರ್ಶೆ. ಸಂಜೆಯಾಗುವುದು ಯಾವಾಗ ಎಂದು ಮರುಹೊಳೆಯಲ್ಲಿ ಆಡುವವರು ಮತ್ತೆ ಮತ್ತೆ ಕೇಳಿದರೆ, ನಕ್ಷೆಯ ಅಂಚಿನಲ್ಲಿ ಹೊತ್ತನ್ನು ಗುರುತಿಸುವ ಒಂದು ಪಟ್ಟಿ ಬೇಕಿತ್ತು ಎಂದರ್ಥ. ಆಟ ಮುಗಿದ ಕೂಡಲೇ, ನೆನಪು ಹಸಿಯಾಗಿರುವಾಗ, ಅರ್ಧ ಗಂಟೆ ತಿದ್ದುಪಡಿಗೆ ಕೊಡಿ.

ಅಂತಿಮ ಹಾಳೆಗಳನ್ನು 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕಿಗಳಂತೆ) ಸ್ಕ್ಯಾನ್ ಮಾಡಿ ಎಲ್ಲ ಸದಸ್ಯರಿಗೂ ಪ್ರತಿ ಕೊಡಿ. ಬಣ್ಣ ಹಾಕುವ ಮುಂಚಿನ ಮಸಿಯ ಪ್ರತಿಯನ್ನೂ ಪ್ರತ್ಯೇಕವಾಗಿ ಸ್ಕ್ಯಾನ್ ಮಾಡಿಟ್ಟರೆ ಬೇರೆ ಬೇರೆ ಋತುಗಳ ಅಥವಾ ಯುಗಗಳ ನಕ್ಷೆಗಳನ್ನು ಅದರಿಂದಲೇ ತಯಾರಿಸಬಹುದು. ಮುಂದೆ ಪ್ರಕಟಿಸುವ ಇಚ್ಛೆ ಇದ್ದರೆ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ ಪಠ್ಯವಾದ ಎಸ್‌ಆರ್‌ಡಿ 5.1ಅನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಗಿದ್ದು, ಮೂಲವನ್ನು ಸೂಚಿಸಿ ಅದನ್ನು ಬಳಸಿಕೊಳ್ಳಲು ಅವಕಾಶವಿದೆ ಎಂಬುದನ್ನು ತಿಳಿಸಿ. ಇನ್ನೊಬ್ಬ ಕಲಾವಿದರ ಚಿತ್ರವನ್ನು ನೋಡಿ ಪಡಿಯಚ್ಚು ತೆಗೆದ ಭಾಗಗಳಿದ್ದರೆ ಅವನ್ನು ಪ್ರಕಟಣೆಗೆ ಮುಂಚೆ ಹೊಸದಾಗಿ ಬಿಡಿಸಬೇಕು. ಪ್ರತಿ ಹಾಳೆಯ ಹಿಂಬದಿಯಲ್ಲಿ ಅದರ ಮೇಲೆ ಗೆರೆ ಎಳೆದವರೆಲ್ಲರ ಹೆಸರು, ದಿನಾಂಕ, ಮತ್ತು ಈ ಲೋಕವನ್ನು ಗುಂಪಿನ ಯಾರು ಯಾವ ರೀತಿ ಮುಂದುವರಿಸಬಹುದು ಎಂಬ ಒಪ್ಪಿಗೆಯ ಮಾತನ್ನು ಎಲ್ಲರೂ ಎದ್ದು ಹೋಗುವ ಮುಂಚೆ ಬರೆಯಿಸಿಕೊಳ್ಳಿ.